ದಸ್ತಗೀರ್ ಚಾಚಾ ಕಲಸಿದ ಹೆಸರುಕಾಳು ಬಣ್ಣ

ಸೋಮವಾರದ ಪೂಜೆಗೆಂದು ಹಿತ್ತಲ ಕಟ್ಟೆಯ ಮೇಲೆ ಕೂತು ಹಿತ್ತಾಳೆಯ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಗೋಡೆಯ ಆಚೆಯಿಂದ ಶಬಾನಾ ಕೂಗಿದಳು.

"ಅಕ್ಕಾರ, ಗಾಡಿ ಬಂತ್ರಿ! ಹಳಿಯಾಳ ದಾಟೇತಂತ. ಅಶ್ವಿನಿ ಮೇಡಂ ಈಗ ಫೋನ್ ಹಚ್ಚಿದ್ರು. ಮೊದಲ ನಮ್ಮ ಗ್ಯಾರೇಜ್ ಮುಂದನ ತಂದ ನಿಲ್ಲಸ್ತಾರಂತ!"

ನಾನು ತಿಕ್ಕುತ್ತಿದ್ದ ದೀಪ ಕೆಳಗಿಟ್ಟೆ. ಸಂತೋಷಕ್ಕಲ್ಲ, ಹೆದರಿಕೆಗೆ. ಆ ಹೊಸ ಗಾಡಿಯ ಬಣ್ಣ ತಪ್ಪಾಗಿದ್ದರೆ ಹೆಸರು ಕೆಡುವುದು ಶಬಾನಾಳ ಮಾವ ದಸ್ತಗೀರ್ ಚಾಚಾ ಅವರದು. ಸರಿ ಮಾಡಿಕೊಡುತ್ತೇನೆ ಎನ್ನಲು ಅವರೇ ಇಲ್ಲ, ತೀರಿಕೊಂಡು ಮೂರು ತಿಂಗಳಾಯಿತು. ಇನ್ನು, ಆ ಬಣ್ಣಕ್ಕೆ "ಹೂಂ, ಇದ ಖರೆ" ಎಂದು ಕೊನೆಯ ಮಾತು ಹೇಳಿದವಳು, ರಂಗೋಲಿಯ ಬಟ್ಟಲು ಬಿಟ್ಟು ಬೇರೆ ಬಣ್ಣ ಮುಟ್ಟಿ ಗೊತ್ತಿಲ್ಲದ ನಾನು.

ದಸ್ತಗೀರ್ ಚಾಚಾ ದಾಂಡೇಲಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ನಮ್ಮ ಹಿತ್ತಲಿಗೂ ಅವರ ಗ್ಯಾರೇಜಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗಲೇ ಅವರ ಗಡ್ಡ ಬೆಳ್ಳಗಾಗಲು ಶುರುವಾಗಿತ್ತು. ಆದರೆ ಅದು ಬೆಳ್ಳಗೆ ಕಂಡದ್ದು ಹಬ್ಬದ ದಿನ ಮಾತ್ರ. ಉಳಿದ ದಿನ ಆ ಗಡ್ಡ ನೋಡಿಯೇ ಊರಲ್ಲಿ ಯಾವ ಗಾಡಿಗೆ ಬಣ್ಣ ಬೀಳುತ್ತಿದೆ ಎಂದು ಹೇಳಬಹುದಿತ್ತು. ಒಂದು ವಾರ ಹಳದಿ, ಅಂದರೆ ಶಾಲೆಯ ಬಸ್ಸು. ಒಂದು ವಾರ ಗುಲಾಬಿ. "ಇದ್ಯಾವ ಗಾಡೀರಿ ಚಾಚಾ?" ಎಂದರೆ, "ಐಸ್‌ಕ್ರೀಂ ಡಬ್ಬಿ ಅಕ್ಕಾರ, ಮಕ್ಕಳು ನನ್ನ ಬೆನ್ನ ಹತ್ಯಾವು" ಎನ್ನುತ್ತಿದ್ದರು.

ಕಂಪನಿಯವರು ಬಣ್ಣಕ್ಕೆ ಇಟ್ಟ ಹೆಸರುಗಳನ್ನು ಅವರ ಬಾಯಲ್ಲಿ ನಾನು ಎಂದೂ ಕೇಳಿಲ್ಲ. ಅವರವೇ ಹೆಸರುಗಳಿದ್ದವು: ಸುಟ್ಟ ಬದನೆಕಾಯಿ, ಮೂರು ದಿನದ ಮದರಂಗಿ, ಚಹಾದ ಮೇಲಿನ ಕೆನೆ. ಗಿರಾಕಿಗಳು ಮೊಬೈಲಿನಲ್ಲಿ ಬಣ್ಣ ತೋರಿಸಿದರೆ ಫೋನನ್ನು ಹಾಗೇ ತಿರುಗಿಸಿ ಕೊಡುವರು. "ಇದರಾಗ ಬೆಳಕೈತಿ, ಬಣ್ಣಿಲ್ಲ. ವಸ್ತು ತರ್ರಿ, ವಸ್ತು."

ಒಮ್ಮೆ ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಒಬ್ಬ ಲಾಮಾ ತಮ್ಮ ಮಠದ ಟೆಂಪೋ ತಂದರು. ಮೈಮೇಲಿನ ಬಟ್ಟೆಯ ಬಣ್ಣವೇ ಬೇಕಂತೆ. ಚಾಚಾ ಅವರನ್ನು ಒಂದು ಸ್ಟೂಲಿನ ಮೇಲೆ ನೆರಳಲ್ಲಿ ಕೂರಿಸಿಯೇ ಬಿಟ್ಟರು. ಹೆಗಲ ಮೇಲಿನ ಬಟ್ಟೆ ನೋಡಿದರು, ತಲೆ ಅಲ್ಲಾಡಿಸಿದರು. "ಇದು ಬಿಸಲಿಗೆ ಸೋತೇತ್ರಿ ಗುರುಗಳ. ಒಳಗಿನ ಮಡಿಕಿ ತೋರಸ್ರಿ, ಅಲ್ಲಿ ಖರೇ ಬಣ್ಣ ಇರ್ತೇತಿ." ಪಾಪ, ಲಾಮಾ ಸೊಂಟದ ಹತ್ತಿರದ ಒಂದು ಮಡಿಕೆ ಬಿಡಿಸಿ ಹಿಡಿದುಕೊಂಡು ಮಧ್ಯಾಹ್ನದವರೆಗೆ ಕೂತರು. ನಾನು ಗೋಡೆಯ ಮೇಲಿಂದ ನಾಲ್ಕು ಸಲ ಚಹಾ ದಾಟಿಸಿದೆ. ಅವರು ನಗುತ್ತಲೇ ಇದ್ದರು. ಹೋಗುವಾಗ, ಇಷ್ಟು ಹೊತ್ತು ಅಲ್ಲಾಡದೆ ತಾವು ಪ್ರಾರ್ಥನೆಯಲ್ಲೂ ಕೂತಿಲ್ಲ ಎಂದು ಹರುಕು ಕನ್ನಡದಲ್ಲಿ ಹೇಳಿ ಹೋದರು.

ನಮ್ಮ ಮನೆಗೂ ಅವರ ಕೈಯ ಬಣ್ಣ ಬಂದಿತ್ತು. ದೇವರ ಕಪಾಟಿಗೆ ನಮ್ಮ ಯಜಮಾನರು ಸಾಗವಾನಿಯ ಬಾಗಿಲು ಮಾಡಿಸುತ್ತೇನೆ ಎಂದು ಹೇಳುತ್ತಲೇ ಇದ್ದು, ಕೊನೆಗೆ ತಾವು ಕೆಲಸ ಮಾಡುವ ಕಾಗದದ ಮಿಲ್ಲಿನ ಗೆಳೆಯನೊಬ್ಬ ಕೊಟ್ಟ ತಗಡಿನ ಬಾಗಿಲು ಹಾಕಿಸಿದರು. ತುಕ್ಕು ಹಿಡಿದ ಬಾಗಿಲ ಹಿಂದೆ ಉಳವಿಯ ಚನ್ನಬಸವಣ್ಣನ ಫೋಟೋ ಇಡಲು ನನಗೆ ಮನಸ್ಸು ಬರಲಿಲ್ಲ. ಚಾಚಾ ಕೇಳಿದವರೇ ಬಾಗಿಲನ್ನು ಗೋಡೆಯ ಆಚೆ ತರಿಸಿಕೊಂಡರು. "ಡಾಕ್ಟರ್ ಸಾಹೇಬರ ಜೀಪಿಗೆ ಕಲಸಿದ್ದು ಒಂಚೂರು ಉಳದೇತಿ. ನಿಮ್ಮ ದೇವರು ಬ್ಯಾಡ ಅನ್ನಂಗಿಲ್ಲಲ್ರಿ?" ಬ್ಯಾಡ ಅನ್ನಲಿಲ್ಲ. ಇಪ್ಪತ್ತೈದು ವರ್ಷ ಆ ಬಾಗಿಲು ತೆರೆದೇ ನಾನು ದೀಪ ಹಚ್ಚಿದ್ದೇನೆ. ಬೇಡಿದ್ದರಲ್ಲಿ ಅರ್ಧ ಸಿಕ್ಕಿದೆ, ಬೇಡದ್ದು ಅದಕ್ಕಿಂತ ಹೆಚ್ಚು ಸಿಕ್ಕಿದೆ.

ಆ ಡಾಕ್ಟರ್ ಸಾಹೇಬರು ಜೋಯಿಡಾ ಕಡೆಯ ಹಳ್ಳಿಗಳಿಗೆಲ್ಲ ದನದ ಡಾಕ್ಟರು. ಅವರ ಜೀಪಿನ ಬಣ್ಣ ನೆನೆಸಿದ ಹೆಸರುಕಾಳಿನದು. ಹಸಿರು ಎಂದರೆ ಪೂರ್ತಿ ಹಸಿರಲ್ಲ, ಸ್ವಲ್ಪ ಬೂದಿ, ಸ್ವಲ್ಪ ಹಳದಿ. ಚಾಚಾ ಬರೀ ಕಣ್ಣಂದಾಜಿನಲ್ಲಿ ಕಲಸಿದ್ದು. ಡಾಕ್ಟರು ತೀರಿಕೊಂಡ ಮೇಲೆ ಜೀಪು ಗುಜರಿಗೆ ಹೋಯಿತು. ಅವರ ಮಗಳು ಅಶ್ವಿನಿ ಜೋಯಿಡಾ ದಾರಿಯಲ್ಲಿ ಎರಡು ರೆಸಾರ್ಟ್ ನಡೆಸುತ್ತಾಳೆ, ಗಟ್ಟಿ ಹೆಣ್ಣುಮಗಳು. ಹೋದ ವರ್ಷ ಒಂದು ದಿನ ಚಾಚಾನ ಗ್ಯಾರೇಜಿಗೆ ಬಂದವಳು ನಿಂತಲ್ಲೇ ಹೇಳಿದಳು:

"ಚಾಚಾ, ಸ್ಪೋರ್ಟ್ಸ್ ಕಾರ್ ಬುಕ್ ಮಾಡಾಕತ್ತೇನಿ. ಅಪ್ಪನ ಜೀಪಿನ ಬಣ್ಣ ಬೇಕು."

ಚಾಚಾ ಕೈ ಒರೆಸಿಕೊಳ್ಳುತ್ತ, "ಎಷ್ಟ ಸೀಟಿನ ಗಾಡಿ?" ಎಂದರು.

"ಎರಡ."

"ಇಷ್ಟ ರೊಕ್ಕಾ ಕೊಟ್ಟ ಎರಡ ಸೀಟ? ಜೋಯಿಡಾ ಹಾದ್ಯಾಗ ಅದರ ಹೊಟ್ಟಿ ನೆಲಕ್ಕ ತಾಗಂಗಿಲ್ಲೇನವಾ?"

"ತಾಗ್ಲಿ ಬಿಡ್ರಿ. ಅಪ್ಪನ ಜೀಪು ನೆನಪೈತಿಲ್ಲೋ? ಸೈಕಲ್‌ನವ್ರು ಸೈತ ನಮ್ಮನ್ನ ಹಿಂದ ಹಾಕಿ, ತಿರುಗಿ ನೋಡಿ ನಗ್ತಿದ್ರು. ನಾ ಸೀಟಿನ ಕೆಳಗ ಅಡಗತಿದ್ದೆ. ಅದ ಬಣ್ಣದ ಗಾಡಿ ಒಮ್ಮೆರ ಎಲ್ಲಾರ್ನೂ ಹಿಂದ ಹಾಕಬೇಕು, ಅಷ್ಟ."

ಬೇಕಾದ ಬಣ್ಣ ಹಾಕಿಕೊಡುತ್ತೇವೆ, ಬಣ್ಣ ಹೊಡೆದ ತಗಡಿನ ಮಾದರಿ ಹದಿನೈದು ದಿನದಲ್ಲಿ ಕಳಿಸಿ, ಒಮ್ಮೆ ಒಪ್ಪಿದ ಮೇಲೆ ಬದಲಿಸುವುದಿಲ್ಲ ಎಂದು ಮುಂಬಯಿಯ ಶೋರೂಮಿನವರು ಹೇಳಿದ್ದರಂತೆ. ಜೀಪಿನ ಒಂದು ಚೂರೂ ಉಳಿದಿರಲಿಲ್ಲ. ಚಾಚಾ ಗೋಡೆಯ ಈಚೆ ನಿಂತಿದ್ದ ನನ್ನ ಕಡೆ ನೋಡಿದರು, ನಾನು ಚಾಚಾನ ಕಡೆ. ಆ ಬಣ್ಣ ಇಡೀ ತಾಲೂಕಿನಲ್ಲಿ ಉಳಿದದ್ದು ನನ್ನ ದೇವರ ಕಪಾಟಿನ ಮೇಲೆ ಮಾತ್ರ.

ಮರುದಿನ ಸ್ನಾನ ಮಾಡಿ, ಚನ್ನಬಸವಣ್ಣನಿಗೆ ಕೈಮುಗಿದು, "ತಂದೆ, ನಾಲ್ಕು ದಿನ ಬಾಗಿಲಿಲ್ಲದೆ ಇರು" ಎಂದು ಹೇಳಿ ಸ್ಕ್ರೂ ಬಿಚ್ಚಿದೆ. ಬಾಗಿಲು ಗೋಡೆ ದಾಟಿತು.

ಒಂದು ವಾರ ಕಳೆದು ಚಾಚಾ ನನ್ನನ್ನು ಗ್ಯಾರೇಜಿಗೆ ಕರೆದು, ಅಂಗೈಯಗಲದ ಒಂದು ತಗಡನ್ನು ಬಾಗಿಲ ಪಕ್ಕ ಹಿಡಿದರು. "ಹೆಂಗೈತಿ?" ಮುಖದ ತುಂಬ ನಗು. ನನಗೆ ಬಾಯಲ್ಲಿ ಒಂದು, ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಗೊತ್ತಿಲ್ಲ.

"ನೀಲಿ ಜಾಸ್ತಿ ಆಗೇತ್ರಿ ಚಾಚಾ."

"ನೀಲೀನ? ಎಲ್ಲೈತಿ?"

"ಎಲ್ಲಾ ಕಡೆ ಐತ್ರಿ. ಇದು ಹೆಸರುಕಾಳಲ್ಲ, ಸಾಲಿ ಪಾಟಿಗೆ ಹಚ್ಚೂ ಬಣ್ಣ ಆಗೇತಿ."

ಚಾಚಾನ ನಗು ಹೋಯಿತು. "ಅಕ್ಕಾರ, ನಿಮ್ಮ ಬಾಗಲಕ್ಕ ದೀಪದ ಹೊಗಿ ಕುಂತೇತಿ. ಇಪ್ಪತ್ತೈದ ವರ್ಷದ ಹೊಗಿ! ಅದಕ್ಕ ಬಾಗಲಾ ಹಳದಿ ಕಾಣ್ತೇತಿ. ನಾ ಹೊಗಿ ಬಿಟ್ಟ ಕಲಸೇನಿ. ನಲವತ್ತ ವರ್ಷದ ಕೈ ಐತಿದು."

ಮಾತು ಸರಿಯೇ ಇತ್ತು. ಆದರೂ ನನಗೆ ಲಾಮಾ ಹಿಡಿದು ಕೂತ ಬಟ್ಟೆಯ ಮಡಿಕೆ ನೆನಪಾಯಿತು. ಸುಮ್ಮನಿರಬಹುದಿತ್ತು. ಇರಲಿಲ್ಲ. ಸ್ಕ್ರೂಡ್ರೈವರ್ ತಂದು ಬಾಗಿಲಿಗೇ ಉಳಿದಿದ್ದ ಕೀಲಿನ ಪಟ್ಟಿ ಬಿಚ್ಚಿದೆ. ಅದರ ಕೆಳಗೆ ಎರಡು ಬೆರಳಗಲದ ಜಾಗ, ಹೊಗೆಯೂ ಕಾಣದ, ಬೆಳಕೂ ಕಾಣದ ಜಾಗ, ಚಾಚಾ ಅಂದು ಹೊಡೆದ ಹಾಗೆಯೇ ಇತ್ತು. ತಗಡನ್ನು ಅದರ ಮೇಲೇ ಇಟ್ಟೆ.

"ಈಗ ನೋಡ್ರಿ."

ಅವರು ನೋಡಿದರು. ಹತ್ತಿರ ಹಿಡಿದರು, ದೂರ ಹಿಡಿದರು. ಅವರಿಗೆ ಎರಡೂ ಒಂದೇ ಕಾಣುತ್ತಿದೆ ಎಂದು ನನಗೆ ಆಗ ಗೊತ್ತಾಯಿತು. ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು. ತಗಡು ತೆಗೆದುಕೊಂಡು ಒಳಗೆ ಹೋದರು.

ಮೂರು ದಿನ ಗೋಡೆಯ ಆಚೆಯಿಂದ "ಅಕ್ಕಾರ, ಚಾ ಆತೇನ್ರಿ?" ಎನ್ನುವ ಕೂಗಿಲ್ಲ. ನಾನೇ ನನ್ನ ಬಾಯಿಗೆ ಬೈದುಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಗೋಡೆಯ ಮೇಲೆ ಒಂದು ಮಡಿಸಿದ ಚೀಟಿ ಬಂತು, ಅದರ ಹಿಂದೆ ಚಾಚಾನ ಗಡ್ಡ.

"ಓದ್ರಿ."

ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಚೀಟಿ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ ಆಗಬೇಕು ಎಂದಿತ್ತು. ಅರ್ಧ ವರ್ಷ ಹಳೆಯದು, ಜೇಬಿನಲ್ಲಿದ್ದು ಅಂಚು ಹರಿದಿತ್ತು.

"ಮನ್ಯಾಗ ಯಾಕ ಹೇಳಿಲ್ರಿ ಚಾಚಾ?"

"ಪೇಂಟರ್ ಕಣ್ಣಿಗೆ ಪೊರಿ ಬಂದೇತಿ ಅಂದ್ರ ಯಾರ ಗಾಡಿ ತರ್ತಾರ? ಆಪರೇಶನ್ ಮಾಡಿದ ಮ್ಯಾಲ ಇದ್ದದ್ದೂ ಹೋದ್ರ?" ಚೀಟಿ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತ ಹೇಳಿದರು, "ತಗಡ ಕಳಸಾಕ ಇನ್ನ ನಾಕ ದಿನಾ ಐತಿ. ನನ್ನ ಹಂತೇಕ ಕೈ ಐತಿ, ನಿಮ್ಮ ಹಂತೇಕ ಕಣ್ಣೈತಿ. ಕೂಡಿ ಮಾಡೂಣು."

"ನನಗೇನ ತಿಳೀತೇತ್ರಿ?"

"ಅಕ್ಕ್ಯಾಗ ಬಿಳೀ ಕಲ್ಲ ಆರಸೂ ಕಣ್ಣು ಅವು. ಅಶ್ವಿನಿಗೆ ಮಾತ್ರ ಹೇಳಬ್ಯಾಡ್ರಿ."

"ಕೇಳಿದ್ರ ಹೇಳ್ತೇನಿ. ಕೇಳದಿದ್ರ ಸುಮ್ನಿರ್ತೇನಿ. ಅಷ್ಟರ ಮ್ಯಾಲ ನನ್ನಿಂದ ಆಗಂಗಿಲ್ಲ. ಮತ್ತ, ತಗಡ ಹೋದ ಮರುದಿನ ನೀವು ಹುಬ್ಬಳ್ಳಿಗೆ ಹೋಗಬೇಕು."

"ಯಾ ಅಲ್ಲಾ, ಗಿರಾಕಿಗಿಂತ ಕಡಕ್ ಅದೀರಿ" ಎಂದು ಒಪ್ಪಿಕೊಂಡರು.

ಮೂರು ದಿನ ಅಡುಗೆ ಮುಗಿಸಿ ಹೋಗಿ ಅವರ ಎದುರು ಕೂತೆ. ಅವರು ಸಿರಿಂಜಿನಿಂದ ಹನಿ ಹನಿಯಾಗಿ ಬಣ್ಣ ಬಿಡುವರು, ಕಲಸುವರು, ತಗಡಿಗೆ ಹೊಡೆದು ಒಣಗಿಸಿ ನೆರಳಿಗೆ ಹಿಡಿಯುವರು. ನನಗೆ ಅವರ ಕಸುಬಿನ ಮಾತು ಬಾರದು. "ಇದು ನಿನ್ನೆ ನೆನಸಿದ ಕಾಳ್ರಿ, ಸ್ವಲ್ಪ ಹುಳಿ ಬಂದೇತಿ" ಎನ್ನುತ್ತಿದ್ದೆ. ಅವರು ಬಿಳಿ ಒಂದು ಹನಿ ಬಿಡುತ್ತಿದ್ದರು. "ಅರಿಷಿಣ ಸಾಲದು" ಎಂದರೆ ಹಳದಿ. ಯಾವುದಕ್ಕೆ ಯಾವ ಹನಿ ಎಂದು ಒಮ್ಮೆಯೂ ಕೇಳಲಿಲ್ಲ. ಐದನೆಯ ತಗಡನ್ನು ಕೀಲಿನ ಜಾಗದ ಮೇಲೆ ಇಟ್ಟಾಗ ಎಲ್ಲಿಯವರೆಗೆ ತಗಡು, ಎಲ್ಲಿಂದ ಬಾಗಿಲು ಎಂದು ನನಗೇ ತಿಳಿಯಲಿಲ್ಲ. "ಹೂಂ, ಇದ ಖರೆ" ಎಂದೆ. ಹೇಳಿದ ಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ತಗಡು ಮುಂಬಯಿಗೆ ಹೋಯಿತು, ಚಾಚಾ ಹುಬ್ಬಳ್ಳಿಗೆ. ಒಂದಾದ ಮೇಲೆ ಒಂದು, ಎರಡೂ ಕಣ್ಣಿನ ಆಪರೇಶನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು ಬಂದವರು ಗೋಡೆಯ ಹತ್ತಿರ ನಿಂತು ನನ್ನನ್ನೇ ನೋಡಿದರು. "ಅಕ್ಕಾರ, ನಿಮ್ಮದಿದು ನೇರಳೆ ಸೀರಿ ಏನ್ರಿ? ನಾ ಇಷ್ಟ ದಿನಾ ಕಂದು ತಿಳಕೊಂಡಿದ್ದೆ. ಪಾಪ, ಅಕ್ಕಾರು ಯಾವಾಗೂ ಮಣ್ಣಿನ ಬಣ್ಣಾನ ಉಡ್ತಾರಲ್ಲಾ ಅಂತಿದ್ದೆ!" ಆಮೇಲೆ ತಮ್ಮ ಮೊದಲನೆಯ ತಗಡು ಹುಡುಕಿ ತೆಗೆದು ನೋಡಿದವರು ತಲೆ ಮೇಲೆ ಕೈ ಹೊತ್ತು ನಗಲು ಶುರು ಮಾಡಿದರು. ಕಣ್ಣಿಗೆ ನೀರು ಬರಬಾರದು ಎಂದು ಡಾಕ್ಟರು ಹೇಳಿದ್ದಾರೆ ಮಾವಾ ಎಂದು ಶಬಾನಾ ಬೈಯುತ್ತಿದ್ದಳು.

ಆಮೇಲಿನ ಎರಡು ತಿಂಗಳು ಅವರು ಕೆಲಸ ಮಾಡಿದ್ದಕ್ಕಿಂತ ಊರು ನೋಡಿದ್ದೇ ಹೆಚ್ಚು. ಅಂಬಿಕಾನಗರಕ್ಕೆ ಬಸ್ಸಿನಲ್ಲಿ ಹೋಗಿ ಬಂದು, ಕಿಟಕಿಯಲ್ಲಿ ಕಂಡ ಹಸಿರೆಲ್ಲ ಬೇರೆ ಬೇರೆ ಎಂದು ಒಂದು ಗಂಟೆ ವರದಿ ಒಪ್ಪಿಸಿದರು.

ಹುಬ್ಬಳ್ಳಿಯ ಮಗಳ ಮನೆಗೆ ಹೊರಡುವ ಹಿಂದಿನ ದಿನ ನನ್ನ ಬಾಗಿಲು ಹೊತ್ತು ತಂದರು. ಕೀಲಿನ ಜಾಗದಲ್ಲಿ ನನ್ನ ಸ್ಕ್ರೂಡ್ರೈವರ್ ತಾಗಿ ಆಗಿದ್ದ ಗೀರನ್ನು ಉಳಿದ ಬಣ್ಣದಲ್ಲಿ ಮುಚ್ಚಿದ್ದರು. ದೇವರ ಕೋಣೆಯ ಹೊಸ್ತಿಲಾಚೆ ನಿಂತು ಒಂದೊಂದೇ ಸ್ಕ್ರೂ ಕೈಗೆ ಕೊಟ್ಟರು, ನಾನು ತಿರುಗಿಸಿದೆ. "ಎಡಕಿಂದು ಸಡಿಲೈತಿ, ಇನ್ನೊಂದ ಸುತ್ತ" ಎಂದು ಅಲ್ಲಿಂದಲೇ ಹೇಳಿದರು. ಅಷ್ಟು ದೂರದಿಂದ ಕಂಡಿತ್ತು ಅವರಿಗೆ! "ಗಾಡಿ ಬಂದಾಗ ಫೋನ್ ಹಚ್ಚರಿ, ಓಡಿ ಬರ್ತೇನಿ" ಎಂದು ಹೋದರು. ಮಗಳ ಮನೆಯಲ್ಲಿ ಬೆಳಗಿನ ನಮಾಜು ಮುಗಿಸಿ, ಚಹಾ ಕುಡಿದು, ಕೂತ ಕುರ್ಚಿಯಲ್ಲೇ ಹೋದರು. ನೋವಿಲ್ಲದ ಸಾವು. ಅದನ್ನೂ ನಾನು ದೇವರು ಕೊಟ್ಟದ್ದರ ಪಟ್ಟಿಗೇ ಸೇರಿಸಿಕೊಂಡಿದ್ದೇನೆ.

ಈಗ ಲಾರಿ ಬಂತು. ಹಿಂದಿನಿಂದ ಅಶ್ವಿನಿ, ಅವಳ ತಾಯಿ ಶಾರದಕ್ಕ. ಹೊದಿಸಿದ್ದು ತೆಗೆದು ಕಾರನ್ನು ಹಲಗೆಯ ಮೇಲಿಂದ ಇಳಿಸುವಾಗ ಅರ್ಧ ಓಣಿ ಸೇರಿತ್ತು. "ಕೆಂಪ ತಗೋಬೇಕಿತ್ತು" ಎಂದ ಒಬ್ಬ. "ಇಷ್ಟ ಗಿಡ್ಡ ಐತಿ, ಕ್ವಾಣ ಅಡ್ಡ ಬಂದ್ರ ಕೆಳಗಿಂದ ಹಾಯಬೋದು" ಎಂದ ಇನ್ನೊಬ್ಬ. ಹುಣಸೆಹಣ್ಣಿನ ಕೈ ಸೆರಗಿಗೆ ಒರೆಸಿಕೊಂಡು ನಾನು ಹಿಂದೆ ನಿಂತಿದ್ದೆ. ನನ್ನ ಕಣ್ಣನ್ನು ನಾನೇ ನಂಬುವ ಹಾಗಿರಲಿಲ್ಲ. ಐದನೆಯ ತಗಡಿಗೆ ಹೂಂ ಎಂದದ್ದೂ ಇದೇ ಕಣ್ಣಲ್ಲವೇ? ಆ ಜೀಪಿನಲ್ಲಿ ಇಪ್ಪತ್ತು ವರ್ಷ ಕೂತವರು ಶಾರದಕ್ಕ. ಅವರ ಮುಖ ನೋಡಿದೆ.

ಶಾರದಕ್ಕ ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಡ್ರೈವರ್ ಸೀಟಿನ ಬಾಗಿಲ ಹತ್ತಿರ ನಿಂತರು. ಆಮೇಲೆ ಅಂಗೈ ಎತ್ತಿ ಆ ಬಾಗಿಲಿಗೆ ಧಡ್ ಧಡ್ ಎಂದು ಎರಡು ಸಲ ಬಡಿದರು.

"ಅವ್ವಾ!" ಅಶ್ವಿನಿ ಚೀರಿದಳು. "ಹೊಸಾ ಗಾಡಿ! ನೆಗ್ಗತೇತಿ!"

ಶಾರದಕ್ಕ ತಮ್ಮ ಅಂಗೈ ತಾವೇ ನೋಡಿಕೊಂಡರು. "ನಾ ಬಡದ್ನೇನ? ನಿಮ್ಮಪ್ಪ ನನ್ನ ಮನಿ ಮುಂದ ಇಳಿಸಿದಾಗ ಹಿಂಗ ಬಡೀತಿದ್ದೆವಾ. ನಾ ಇಳದೇನಿ, ನೀವ ಹೊಂಡ್ರಿ ಅಂತ. ಕೈ ತಾನ ಹೋತು ನೋಡು."

ಶಬಾನಾ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಆಗ ಉಸಿರು ಬಿಟ್ಟೆ.

ಆಮೇಲೆ ಶಾರದಕ್ಕನನ್ನು ಒಳಗೆ ಕೂರಿಸಲು ಮೂವರು ಬೇಕಾಯಿತು. "ಇದರಾಗ ಹತ್ತೂದಲ್ಲ ಮಗಳ, ಬೀಳೂದು" ಎನ್ನುತ್ತ ನಿರಿಗೆ ಎತ್ತಿ ಹಿಡಿದು ಬಿದ್ದರು. ಬಾಗಿಲು ಮುಚ್ಚಿತು. ಕಾರು ಗುರ್ ಎಂದು ಒಮ್ಮೆ ಎದ್ದು, ಓಣಿಯ ಮೂಲೆಯಲ್ಲಿ ಗ್ಯಾಸ್ ಸಿಲಿಂಡರಿನ ಸೈಕಲ್ಲೊಂದನ್ನು ಹಿಂದೆ ಹಾಕಿ ಹೋಯಿತು.

ಮಿಲ್ಲಿನ ಸೈರನ್ ಆಯಿತು. ಇವರು ಬರುವ ಹೊತ್ತು. ಒಳಗೆ ಬಂದು ಕೈತೊಳೆದು, ನೀರು ಕಾಯಲು ಇಟ್ಟು, ರೊಟ್ಟಿಗೆ ಜೋಳದ ಹಿಟ್ಟು ಸಾಣಿಸತೊಡಗಿದೆ.