ಎರಡು ಮನೆ ಹಿಟ್ಟು, ಒಂದು ಅಂಕ

ಎಂಟನೇ ಕ್ಲಾಸಿನಲ್ಲಿ ನನಗೆ ಸರಿಯಾಗಿ ಬರುತ್ತಿದ್ದ ವಿದ್ಯೆ ಒಂದೇ, ಬೇರೆಯವರ ದನಿ. ನಾಗಪುರದ ಸೀತಾಬರ್ಡಿ ಬಜಾರಿನಲ್ಲಿ ಟೀಶರ್ಟ್ ಮಾರುವವನಿಂದ ಹಿಡಿದು ಅಂಕಪಟ್ಟಿ ನೋಡಿ ನಿಟ್ಟುಸಿರು ಬಿಡುವ ಅಪ್ಪನವರೆಗೆ ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಬೈಸಿಕೊಳ್ಳುವಾಗಿನ ನನ್ನ ಮುಖವನ್ನೂ ಬಿಡುತ್ತಿರಲಿಲ್ಲ. ಗಣಿತದ ಸರ್ ಪ್ರತಿ ವಾಕ್ಯಕ್ಕೂ ಮೊದಲು ಕೆಮ್ಮುತ್ತಿದ್ದರು. ಆ ಕೆಮ್ಮು ಅವರಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು.

ವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಪಾಸಾಗಲು ಒಂದೇ ಅಂಕ ಕಡಿಮೆ ಬಿತ್ತು. ಫೇಲಾದರೆ ರಜೆಯಲ್ಲಿ ಮರುಪರೀಕ್ಷೆ, ಹುಬ್ಬಳ್ಳಿಯ ಅಜ್ಜಿಮನೆಗೆ ತೆಗೆಸಿದ್ದ ಟಿಕೆಟ್ ರದ್ದು. ಅಪ್ಪ ರೈಲ್ವೆಯಲ್ಲಿದ್ದೂ ನನಗೆ ರೈಲಿಲ್ಲ.

ಉತ್ತರಪತ್ರಿಕೆ ತಿರುವಿದೆ. 1/3 ಮತ್ತು 1/2ರ ನಡುವಿನ ಒಂದು ಭಾಗಲಬ್ಧ ಸಂಖ್ಯೆ ಬರೆಯಿರಿ ಎಂಬ ಪ್ರಶ್ನೆ. ನಾನು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಎಂದು ಬರೆದಿದ್ದೆ. ಪಕ್ಕದಲ್ಲಿ ಕೆಂಪು ಸೊನ್ನೆ. ಸರ್ ಹೇಳಿದ್ದಿಷ್ಟು: ಉತ್ತರ ಸರಿ, ಆದರೆ ಭಿನ್ನರಾಶಿಗಳನ್ನು ಹೀಗೆ ಕೂಡಿಸುವುದು ತಪ್ಪು.

ಆದರೆ ಅದು ಅಡುಗೆಮನೆಯ ಲೆಕ್ಕ. ಅವ್ವ ಒಂದು ಲೋಟ ಉದ್ದಿಗೆ ಮೂರು ಲೋಟ ಅಕ್ಕಿ ಹಾಕುತ್ತಾಳೆ. ಪಕ್ಕದ ಕ್ವಾರ್ಟರ್ಸಿನ ಮೈಸೂರಿನ ಆಂಟಿ ಒಂದಕ್ಕೆ ಎರಡೇ. ರವಿವಾರ ಎರಡೂ ಮನೆಯ ಹಿಟ್ಟು ಒಂದೇ ಪಾತ್ರೆಗೆ ಬೀಳುತ್ತದೆ. ಆಗ ಉದ್ದು ಎರಡು, ಅಕ್ಕಿ ಐದು, ಅಂದರೆ 2/5. ದೋಸೆ ಅವ್ವನದಕ್ಕಿಂತ ಮೆತ್ತಗೆ, ಆಂಟಿಯದಕ್ಕಿಂತ ಗರಿಗರಿ. ನಡುವೆ ಬರದೆ ಇನ್ನೆಲ್ಲಿ ಹೋದೀತು?

ಇದನ್ನು ಕ್ಲಾಸಿನಲ್ಲಿ ಎದ್ದು ನಿಂತು ಹಿಂದಿಯಲ್ಲಿ ಹೇಳಿದೆ. ನಾನು ಬಾಯಿ ತೆರೆದದ್ದೇ ಎಲ್ಲರೂ ನಗತೊಡಗಿದರು. ಒಮ್ಮೆಯೂ ಕೆಮ್ಮಿರಲಿಲ್ಲ, ಆದರೂ ಯಾರನ್ನೋ ಅಣಕಿಸುತ್ತಿದ್ದೇನೆಂದೇ ಅವರ ನಂಬಿಕೆ.

"ಸರ್, ನಾನು ಕೂಡಿಸಿಲ್ಲ. ಬೆರೆಸಿದ್ದೀನಿ."

ಬೋರ್ಡಿನ ಮೇಲೆ 3/4, 4/5 ಬರೆದು, ನಡುವೆ 7/9 ಇಟ್ಟೆ. ಸರ್ ತಮ್ಮ ವಿಧಾನದಲ್ಲಿ ಛೇದ ಸಮ ಮಾಡಿ ನೋಡಿದರು. ಸರಿಯಾಗಿಯೇ ಇತ್ತು. ಕೆಮ್ಮಿದರು.

"ಇದು ತುಕ್ಕಾ. ಕಣ್ಣು ಮುಚ್ಚಿ ಹೊಡೆದದ್ದು ತಾಗಿದೆ. ಹಾಗಂತ ಬರೆದು ಸಹಿ ಹಾಕು, ಅಂಕ ಕೊಡ್ತೀನಿ."

"ಬರೆಯಲ್ಲ ಸರ್."

ಆಮೇಲೆ ಯಾರೂ ನಗಲಿಲ್ಲ.

ಮನೆಯಲ್ಲಿ ಅವ್ವ ಟಿಕೆಟ್ ಹಿಡಿದು ಕೂತಿದ್ದಳು. "ಒಂದ್ ಸಾಲು ಬರದ್ ಕೊಟ್ಟಿದ್ರ ನಿನ್ನ ಗಂಟೇನ್ ಹೋಗ್ತಿತ್ತು? ಅಲ್ಲಿ ಅಜ್ಜಿ ದಾರಿ ಕಾಯಾಕತ್ತಾಳ."

"ನಿನ್ನ ಹಿಟ್ಟು ತುಕ್ಕಾ ಏನವ್ವಾ?"

ಅವಳು ನನ್ನ ಮುಖ ನೋಡಿದಳು. ನನ್ನ ಟಿಕೆಟ್ ರದ್ದು ಮಾಡಿಸಲು ಅಪ್ಪನ ಕೈಗಿಟ್ಟಳು. ತಂಗಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದಳು. ನಾನೂ ಅಪ್ಪನೂ ನಾಗಪುರದ ಮೇ ತಿಂಗಳಲ್ಲಿ ಕೂಲರ್‌ಗೆ ನೀರು ತುಂಬುತ್ತ ಉಳಿದೆವು.

ಮರುಪರೀಕ್ಷೆಯಲ್ಲಿ ಅದೇ ಬಗೆಯ ಪ್ರಶ್ನೆ ಬಂತು. ಸರ್ ಕಲಿಸಿದ ವಿಧಾನ ನನಗೆ ಬಾಯಿಪಾಠವಿತ್ತು, ಕೆಮ್ಮಿನ ಸಮೇತ. ಆದರೂ ಬೆರೆಸಿಯೇ ಬರೆದೆ. ಕೆಳಗೆ ಎರಡು ಪಾತ್ರೆ ಬಿಡಿಸಿ, ಯಾವುದರಲ್ಲಿ ಎಷ್ಟು ಉದ್ದು, ಎಷ್ಟು ಅಕ್ಕಿ ಎಂದೂ ಬರೆದೆ.

ಸರ್ ಪೂರ್ತಿ ಅಂಕ ಕೊಟ್ಟರು. ಪಾತ್ರೆಗಳ ಮೇಲೆ ಮಾತ್ರ ಕೆಂಪು ಗೀಟು ಎಳೆದರು. ಎಳೆಯಲಿ.