ಗೂಬೆಯ ಬಂಡೆಗೆ ಬರೆದ ಬಾಣಗಳು

ಆ ಗೂಬೆ ಸತ್ತದ್ದು ಮಾಟದಿಂದಲ್ಲ, ನಮ್ಮ ಕೇಡುಗಾಲದಿಂದಲೂ ಅಲ್ಲ. ನನ್ನ ಸೊಸೆ ಅದರ ಫೋಟೋ ಹಾಕಿ ಕೇಳಿದವರಿಗೆಲ್ಲ ದಾರಿ ಹೇಳಿದಳು. ಕಳ್ಳರು ಬಂದರು. ಅವರು ಅರ್ಧ ಕೊಂದರು, ಉಳಿದರ್ಧ ನಾನು ಕೊಂದೆ. ನಡೆದದ್ದು ಇಷ್ಟೇ. ಓಣಿಯವರು ಇದಕ್ಕೆ ರೆಕ್ಕೆ ಪುಕ್ಕ ಹಚ್ಚಿ ಮುದುಕಿಯ ಮೈಮೇಲೆ ದೇವರು ಬಂದಿತ್ತು ಎಂದು ಹೇಳುತ್ತಾರೆ. ಯಾವ ದೇವರೂ ಬಂದಿರಲಿಲ್ಲ. ಕೈಗೆ ಕಲ್ಲು ಸಿಕ್ಕಿತ್ತು.

ನಾನು ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೆ ಸೊಸೆ ತಿದ್ದುತ್ತಾಳೆ. ನಡೆದದ್ದನ್ನು ತಿದ್ದಲು ಮಾತ್ರ ಅವಳಿಗೆ ಬಿಟ್ಟಿಲ್ಲ.

ನಮ್ಮ ಮನೆ ಬಳ್ಳಾರಿಯಲ್ಲಿ, ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ. ಮಗನದು ಅಲ್ಲೇ ಮೋಟರ್ ವೈಂಡಿಂಗ್ ಅಂಗಡಿ. ಸೊಸೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ವಾರವೆಲ್ಲ ಮಂದಿಯ ನರ ಹುಡುಕಿ ಸೂಜಿ ಚುಚ್ಚುತ್ತಾಳೆ, ಭಾನುವಾರ ಬಂತೆಂದರೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಸ್ಕೂಟಿ ಹೊರಗೆ ತೆಗೆಯುತ್ತಾಳೆ. ಒಬ್ಬಳೇ ಗುಡ್ಡ ಬೆಟ್ಟ ತಿರುಗಿದರೆ ಮಂದಿ ಏನಂತಾರೆ ಎಂದು ಮಗ ನನ್ನನ್ನು ಹಿಂದೆ ಕೂರಿಸಿ ಕಳಿಸಿದ. ಕಾವಲಿಗೆ. ಅತ್ತೆಯನ್ನು ಹೇರಿಕೊಂಡು ಫೋಟೋ ತೆಗೆಯಲು ಹೋಗುವ ಸೊಸೆ ಇಡೀ ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬೇಕು. ಮೊದಮೊದಲು ನಾನು ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಂಡು ಬೈಯುತ್ತಿದ್ದೆ. ಆಮೇಲೆ ತನ್ನ ಹಳೆಯ ಫೋನು ಕೊಟ್ಟು, “ಬೈಯೂದು ಬಿಟ್ಟು ನೀವೂ ತೆಗೀರಿ ಅತ್ತಿ” ಎಂದಳು. ತೆಗೆದೆ. ಅದು ಚಟ. ಎಲೆ ಅಡಿಕೆಗಿಂತ ಕೆಟ್ಟದ್ದು.

ನನ್ನ ತವರು ಸಿರುಗುಪ್ಪದ ಕಡೆ. ಭತ್ತದ ಕೊಯ್ಲಿನ ಹೊತ್ತಿಗೆ ಇಬ್ಬರೂ ಹೋಗಿದ್ದೆವು. ಅವಳು ಮಂಜಿನಲ್ಲಿ ನಿಂತ ಕೊಕ್ಕರೆಗಳನ್ನು ತೆಗೆದಳು. ಕೊಯ್ಯುವ ಮಷಿನ್ನು ಗದ್ದೆಯ ಕೊನೆಯ ಪಟ್ಟಿಗೆ ಬಂದಾಗ ಒಳಗೆ ಸೇರಿಕೊಂಡಿದ್ದ ಇಲಿಗಳೆಲ್ಲ ಒಮ್ಮೆಗೇ ಹೊರಗೆ ಬೀಳುತ್ತವೆ, ಆಳುಗಳು ಬಡಿಗೆ ಹಿಡಿದು ಕಾಯುತ್ತಿರುತ್ತಾರೆ. ನಾನು ಅದನ್ನು ತೆಗೆದೆ. ನನ್ನ ಫೋಟೋದಲ್ಲಿ ಒಂದು ಇಲಿ ಇನ್ನೂ ಗಾಳಿಯಲ್ಲಿತ್ತು. ಬಡಿಗೆ ಬೆನ್ನಿಗೆ ತಾಗಿ ಬೆನ್ನು ಮಡಚಿತ್ತು, ಬಾಯಲ್ಲಿ ತೆನೆ ಹಾಗೇ ಇತ್ತು.

“ಇದನ್ನ ಯಾರು ನೋಡ್ತಾರ ಅತ್ತೀ?”

“ಅನ್ನ ಉಣ್ಣಾವ್ರು ನೋಡ್ಲಿ.”

ಯಾರೂ ನೋಡಲಿಲ್ಲ. ಕೊಕ್ಕರೆಗೆ ರಾಶಿ ಲೈಕು ಬಿದ್ದವು. ನನ್ನ ಇಲಿಗೆ ಬಿದ್ದದ್ದು ಒಂದೇ, ಅದೂ ನನ್ನ ತಮ್ಮನದು. ಆ ಹೊಲ ಅವನದೇ.

ಗೂಬೆ ಸಿಕ್ಕಿದ್ದು ಮೆಣಸಿನಕಾಯಿ ಒಣಗಿಸುವ ದಿನಗಳಲ್ಲಿ, ಕುರುಗೋಡು ಗುಡ್ಡದಲ್ಲಿ. ಹಳೆಯ ಕೋಟೆಗೋಡೆಯ ಹಿಂದೆ ಎರಡು ದೊಡ್ಡ ಬಂಡೆಗಳ ನಡುವೆ ಒಂದು ಬಿರುಕು. ಅದರ ಬಾಯಲ್ಲಿ ಕೊಂಬಿನ ಗೂಬೆ ಕೂತಿತ್ತು. ಹಿಂದೆ ಎರಡು ಮರಿ, ಗಿರಣಿಯಿಂದ ಹಾರಿಬಂದ ಹತ್ತಿಯ ಉಂಡೆಗಳ ಹಾಗೆ. ಸೊಸೆ ದೂರದಿಂದ ಲೆನ್ಸ್ ಹಾಕಿ ತೆಗೆದದ್ದರಲ್ಲಿ ತಾಯಿ ಗೂಬೆ ಮೊಲದ ಮರಿಯ ಹೊಟ್ಟೆ ಬಗೆಯುತ್ತಿತ್ತು, ಕರುಳು ಕೊಕ್ಕಿನಿಂದ ಜೋತು ಬಿದ್ದಿತ್ತು, ಎರಡೂ ಮರಿಗಳು ಬಾಯಿ ತೆರೆದಿದ್ದವು. ಅವಳು ತೆಗೆದ ಫೋಟೋಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಅದನ್ನು ನೆಟ್ಟಿಗೆ ಹಾಕಿದಳು. ಎಂದೂ ಇಲ್ಲದಷ್ಟು ಜನ ನೋಡಿದರು. “ಎಲ್ಲಿ ಮೇಡಂ?” “ಯಾವ ಬಂಡೆ ಮೇಡಂ?” ಎಂದು ಕೇಳಿದವರಿಗೆಲ್ಲ ಕೂತು ಉತ್ತರ ಬರೆದಳು. ಕೋಟೆಗೋಡೆ ದಾಟಿ ಎಡಕ್ಕೆ, ಹೆಜ್ಜೇನು ಗೂಡು ಕಟ್ಟಿದ ಬಂಡೆಗೆ ಹೋಗದೆ ಬಲಕ್ಕೆ, ಹೀಗೆ.

“ಕೋಳಿ ಗೂಡು ಎಲ್ಲೈತಿ ಅಂತ ನಾನು ನರಿಗೆ ಎಂದೂ ಹೇಳಿದಾಕಿ ಅಲ್ಲವ್ವ” ಎಂದೆ.

“ಇವ್ರು ನರಿ ಅಲ್ಲ ಅತ್ತಿ. ನನ್ನಂಗ ಫೋಟೋ ತೆಗೆಯಾವ್ರು.”

“ನರಿ ನಾನು ನರಿ ಅಂತ ಹೇಳಿ ಬರತೈತೇನು?”

ನಕ್ಕಳು. ಮುಂದಿನ ಭಾನುವಾರ ಹೋದಾಗ ಯಾರೋ ಬಂಡೆಗಳ ಮೇಲೆ ಬಿಳಿ ಪೇಂಟಿನಲ್ಲಿ ಬಾಣ ಬರೆದಿದ್ದರು. ಬಂದವರು ದಾರಿ ತಪ್ಪಬಾರದಲ್ಲ. ಬಾಣ ಹಿಡಿದು ಹೋದರೆ ನೇರ ಗೂಬೆಯ ಬಂಡೆ. ಸೊಸೆಗೆ ಒಳಗೊಳಗೇ ಹೆಮ್ಮೆ. ತನ್ನ ಗೂಬೆಗೆ ದಾರಿ ಬಿದ್ದಿತಲ್ಲ ಎಂದು.

ಅಮಾವಾಸ್ಯೆ ಹತ್ತಿರವಿದ್ದ ಒಂದು ಭಾನುವಾರ ಸಂಜೆ ಇಬ್ಬರು ಗಂಡಸರು ನಮಗಿಂತ ಮುಂಚೆ ಬಂದು ಗುಡ್ಡದ ಕೆಳಗೆ ಕಾಯುತ್ತಿದ್ದರು. ಒಬ್ಬ ಮೀಸೆಯವನು, ಒಬ್ಬ ಟೋಪಿಯವನು. ದೊಡ್ಡ ಕ್ಯಾಮೆರಾ ಚೀಲ, ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡು. ಸೊಸೆಗೆ ಮೊದಲೇ ಮೆಸೇಜು ಮಾಡಿದ್ದರಂತೆ. ನಮಸ್ಕಾರ ಮೇಡಂ, ನಿಮ್ಮ ಫೋಟೋ ನೋಡಿದ್ವಿ ಮೇಡಂ. ಅವಳು ಬೆಣ್ಣೆಯಾದಳು. ಫೋನು ತೆಗೆದು ಗೂಬೆಯ ಹೊಸ ಫೋಟೋಗಳನ್ನು ತೋರಿಸಿದಳು.

ಮೀಸೆಯವನು ನೋಡಿ, “ಎಷ್ಟು ತೂಗಬಹುದ್ರಿ ಇದು?” ಎಂದು ಕೇಳಿದ. ಕೇಳುವಾಗ ಅವನ ಖಾಲಿ ಬಲಗೈ ಮೇಲೆ ಕೆಳಗೆ ಜಗ್ಗಿತು.

ನಾನು ಸಿರುಗುಪ್ಪದ ಸಂತೆಯಲ್ಲಿ ಬಹಳ ವರ್ಷ ಜವಾರಿ ಕೋಳಿ ಮಾರಿದವಳು. ಕೊಳ್ಳುವವನು ರೆಕ್ಕೆಯ ಬುಡ ಹಿಡಿದು ಹೀಗೇ ಜಗ್ಗಿ ನೋಡುತ್ತಾನೆ. ಅವನಿಗೆ ಕೋಳಿಯ ಬಣ್ಣ ಬೇಡ, ಕೂಗು ಬೇಡ. ಫೋಟೋ ತೆಗೆಯುವವರನ್ನೂ ನಾನು ಇಷ್ಟು ದಿನ ಕಂಡಿದ್ದೆ. ಅವರು ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಕೇಳುತ್ತಾರೆ. ತೂಕ ಕೇಳಿದವರನ್ನು ಕಂಡಿರಲಿಲ್ಲ.

ಸೊಸೆಯ ಸೆರಗು ಎಳೆದು, “ಇವ್ರು ಕೋಳಿ ಗಿರಾಕಿಗಳು. ವಾಪಸ್ ಹೋಗೋಣ ನಡಿ” ಎಂದೆ.

“ಅತ್ತೀ, ನಿಮಗ ಯಾರ ಬಂದ್ರೂ ಕಳ್ಳರ ಕಾಣ್ತಾರ. ಕಾಲು ನೋಯ್ತಿದ್ರ ಇಲ್ಲೇ ಕುಂದರ್ರಿ.”

ಟೋಪಿಯವನು, “ಅಜ್ಜಿ ಭಾಳ ಹುಷಾರದಾರ” ಎಂದು ಹಲ್ಲು ಕಿರಿದ. ಆ ಹಲ್ಲು ನೆನಪಿಟ್ಟುಕೊಂಡೆ.

ನಾನು ಕೂರಲಿಲ್ಲ. ಬಾಣ ಹಿಡಿದು ಹಿಂದೆ ಹತ್ತಿದೆ. ಉಸಿರು ಕಟ್ಟಿ ಕೋಟೆಗೋಡೆಯ ಹತ್ತಿರ ನಿಲ್ಲಬೇಕಾಯಿತು. ಅಷ್ಟರಲ್ಲಿ ಮೇಲೆ ಸೊಸೆ ಕೂಗಿದಳು. ಹೆದರಿಕೆಯ ಕೂಗಲ್ಲ, ಸಿಟ್ಟಿನದು. ನಾನು ಬಂಡೆಯ ಮಗ್ಗುಲಿಗೆ ಬಂದಾಗ ಬಿರುಕಿನ ಬಾಯಿಗೆ ಬಲೆ ಬಿದ್ದಿತ್ತು, ಬಲೆಯೊಳಗೆ ಗೂಬೆ ಬಡಿದಾಡುತ್ತಿತ್ತು. ಮೀಸೆಯವನು ಅದನ್ನು ಹೊರಗೆ ಎಳೆಯುತ್ತಿದ್ದ, ಸೊಸೆ ಬಲೆಯ ಇನ್ನೊಂದು ತುದಿ ಹಿಡಿದು ಬಿಡದೆ ನಿಂತಿದ್ದಳು.

ಟೋಪಿಯವನು ಕಬ್ಬಿಣದ ಸ್ಟ್ಯಾಂಡು ಎತ್ತಿ ಅವಳ ತಲೆಗೆ ಹೊಡೆದ. ತೆಂಗಿನಕಾಯಿ ಒಡೆದ ಸದ್ದು. ಕ್ಯಾಮೆರಾ ಕೊರಳಿಂದ ಕಿತ್ತು ಬಂಡೆಗಳ ಸಂದಿಗೆ ಉರುಳಿತು. ಅವಳು ಮಂಡಿಯೂರಿದಳು, ರಕ್ತ ಹಣೆಯಿಂದ ಕಣ್ಣಿಗೆ ಇಳಿಯಿತು, ಆದರೂ ಬಲೆ ಬಿಡಲಿಲ್ಲ.

ಅದೇ ಹೊತ್ತಿಗೆ ಗೂಬೆ ಬಲೆಯ ತೂತಿನಿಂದ ಕಾಲು ಹೊರಗೆ ಹಾಕಿ ಮೀಸೆಯವನ ಅಂಗೈ ಹಿಡಿಯಿತು. ಉಗುರು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಬಂತು. ಅವನು ಹಂದಿಯ ಹಾಗೆ ಕಿರುಚಿದ. ಕೈ ಬಿಡಿಸಿಕೊಳ್ಳಲು ಬಲೆಯ ಸಮೇತ ಅದನ್ನು ಬಂಡೆಗೆ ಅಪ್ಪಳಿಸಿದ. ಬಿಡಲಿಲ್ಲ. ಮತ್ತೆ ಅಪ್ಪಳಿಸಿದ. ಆಗ ಬಿಟ್ಟಿತು.

ಹುಡುಗಿಯಾಗಿದ್ದಾಗ ನಾನು ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಹೊಡೆದವಳು. ಕವಣೆ ಇರಲಿಲ್ಲ, ಕೈ ಇತ್ತು. ಮೊದಲ ಕಲ್ಲು ಟೋಪಿಯವನ ಮೊಣಕಾಲಿಗೆ ತಾಗಿತು, ಅವನು ಬಾಗಿದ. ಹತ್ತಿರ ಹೋಗಿ ಎರಡನೆಯದನ್ನು ಬಾಯಿಗೆ ಹೊಡೆದೆ. ಎಸೆಯಲಿಲ್ಲ, ಕೈಯಲ್ಲೇ ಹಿಡಿದು ಹೊಡೆದೆ. ಹಲ್ಲು ಮುರಿದದ್ದು ನನ್ನ ಅಂಗೈಗೆ ಗೊತ್ತಾಯಿತು. ಅವನು ಸ್ಟ್ಯಾಂಡು ಬಿಟ್ಟು ಬಾಯಿ ಹಿಡಿದುಕೊಂಡ. ಸ್ಟ್ಯಾಂಡನ್ನು ಸೊಸೆ ಎತ್ತಿಕೊಂಡಳು. ಕಣ್ಣು ಕಾಣದಿದ್ದರೂ ಬೀಸಿದಳು. ಒಂದು ಏಟು ಮೀಸೆಯವನ ಕಿವಿಗೆ ಬಿತ್ತು, ಒಂದು ಬಂಡೆಗೆ ಬಿತ್ತು, ಒಂದು ನನಗೇ ಬೀಳಬೇಕಿತ್ತು, ತಪ್ಪಿಸಿಕೊಂಡೆ. ಇಬ್ಬರೂ ಕುಂಟುತ್ತಾ ಬೀಳುತ್ತಾ ಗುಡ್ಡ ಇಳಿದರು. ಸಿಕ್ಕಿಬಿದ್ದರೋ ಇಲ್ಲವೋ ಇವತ್ತಿಗೂ ನನಗೆ ಯಾರೂ ಹೇಳಿಲ್ಲ.

ಬಿಟ್ಟುಹೋದ ಚೀಲ ತೆರೆದರೆ ಒಳಗೆ ಕ್ಯಾಮೆರಾ ಇರಲಿಲ್ಲ. ಗೋಣಿಚೀಲ, ಹಗ್ಗ, ಕೈಯಲ್ಲಿ ಹಿಡಿದು ತೂಗುವ ಕೊಕ್ಕೆಯ ತಕ್ಕಡಿ.

ಸೊಸೆ ತಕ್ಕಡಿ ನೋಡಿದಳು. ಗೂಬೆಯ ಮೇಲಿನ ಬಲೆ ಬಿಡಿಸಿದಳು. ಒಂದು ರೆಕ್ಕೆಯ ಎಲುಬು ಹೊರಗೆ ಬಂದಿತ್ತು, ಬೆನ್ನು ಮುರಿದು ಕಾಲು ಸತ್ತಿದ್ದವು. ತಲೆ ಮಾತ್ರ ಬದುಕಿತ್ತು. ಕೆಂಡದ ಕಣ್ಣು ಬಿಟ್ಟುಕೊಂಡು ಕೊಕ್ಕು ಕಟಕಟ ಕಡಿಯುತ್ತಿತ್ತು.

“ದವಾಖಾನಿಗೆ ಒಯ್ಯೋಣ ಅತ್ತಿ. ಬಳ್ಳಾರಿಗೆ.”

“ಬೆನ್ನು ಹೋಗೈತಿ. ಅಲ್ಲಿತನಕ ನೋವು ತಿಂದು ಸಾಯ್ತೈತಿ. ಮುಖ ಆ ಕಡೆ ಮಾಡು.”

ಮಾಡಲಿಲ್ಲ. ನೋಡಿದಳು. ರಕ್ತ ತೆಗೆಯುವವಳು.

ಕೋಳಿಯ ಕತ್ತು ಎಷ್ಟೋ ತಿರುಚಿದ್ದೇನೆ. ಗೂಬೆಯ ಕತ್ತು ಹಾಗಲ್ಲ. ಅದು ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ. ನಾನು ತಿರುಗಿಸಿದಷ್ಟೂ ಅದು ತಿರುಗಿ ನನ್ನನ್ನೇ ನೋಡಿತು. ಕೊನೆಗೆ ಮೊಣಕಾಲಿನ ಕೆಳಗೆ ಮೈ ಒತ್ತಿ ಹಿಡಿದು ಎಳೆಯಬೇಕಾಯಿತು.

ಸೊಸೆ ಫೋನು ಮಾಡಿದ್ದರಿಂದ ಫಾರೆಸ್ಟ್ ಗಾರ್ಡ್ ಒಬ್ಬ ಬಂದ. ಸತ್ತ ಗೂಬೆ, ಬಲೆ, ಚೀಲ ಎಲ್ಲ ತೆಗೆದುಕೊಂಡ. ಅಮಾವಾಸ್ಯೆಯ ಮಾಟಕ್ಕೆ ಗೂಬೆಯನ್ನು ತೂಕದ ಮೇಲೆ ಕೊಳ್ಳುವವರಿದ್ದಾರೆ ಎಂದ. ಬಿರುಕಿನೊಳಗೆ ಬ್ಯಾಟರಿ ಹಾಕಿ ನೋಡಿದ. ಮರಿ ಎರಡೂ ಮೂಲೆಗೆ ಒತ್ತಿಕೊಂಡಿದ್ದವು.

“ಗಂಡು ಗೂಗಿ ಐತ್ರಿ, ಇಲ್ಲೇ ಎಲ್ಲೋ ಕುಂತು ನೋಡಾಕತ್ತಿರತೈತಿ” ಎಂದ. “ಮರಿ ದೊಡ್ಡವಾಗ್ಯಾವ, ತಂದು ಹಾಕಿದ್ರ ಹರಕೊಂಡು ತಿಂತಾವ. ಆದ್ರ ಮಂದಿ ಬರಬಾರ್ದು. ದಿನಾ ಮಂದಿ ಬಂದ್ರ ಅದು ಬಿಟ್ಟು ಹೋಗ್ತೈತಿ. ಆಮ್ಯಾಲ ಇವು ಹಸದು ಸಾಯ್ತಾವ.”

“ನೀ ಕಾಯಪಾ.”

“ನನಗ ಎಷ್ಟು ಗುಡ್ಡ ಅದಾವ ಗೊತ್ತೇನವ್ವ?”

ಕುರುಗೋಡಿನಲ್ಲಿ ತಲೆಗೆ ಹೊಲಿಗೆ ಹಾಕಿಸಿದೆವು. ಮಗ ಬಳ್ಳಾರಿಯಿಂದ ಓಡಿಬಂದ. ಹೆಂಡತಿಯ ತಲೆ ನೋಡಿ ಮೊದಲು ಅಳುವವನಂತೆ ಕಂಡ, ಆಮೇಲೆ ಸಿಟ್ಟಿಗೆದ್ದ. “ಇನ್ನೊಮ್ಮೆ ಕ್ಯಾಮೆರಾ ಮುಟ್ಟಿದ್ರ ಕೈ ಮುರೀತೀನಿ” ಎಂದು ಅವಳ ಕಡೆ ಕೈ ಎತ್ತಿದ.

“ಕೈ ಎತ್ತಿದವ್ರನ್ನ ಇವತ್ತ ನೋಡೀನಿ” ಎಂದೆ. “ಒಬ್ಬನ ಹಲ್ಲು ಗುಡ್ಡದ ಮ್ಯಾಲೆ ಬಿದ್ದೈತಿ. ನಿನಗೂ ಬೇಕಾದ್ರ ಪಾಳಿ ಹಚ್ಚು.”

ಕೈ ಇಳಿಸಿದ.

ಮನೆಗೆ ಬಂದ ಮೇಲೆ ಸೊಸೆ ಗೂಬೆಯ ಫೋಟೋ ಅಳಿಸಿದಳು. ದಾರಿ ಬರೆದದ್ದನ್ನೆಲ್ಲ ಅಳಿಸಿದಳು. ಅಳಿಸಿ ಫೋನು ನನ್ನ ಮುಂದೆ ಹಿಡಿದಳು.

“ನನ್ನದು ತೆಗದೀನಿ ಅತ್ತಿ. ಆದ್ರ ಬ್ಯಾರೇದವ್ರು ಹಂಚಿಕೊಂಡಾರ. ಅವರದು ನನ್ನ ಕೈಯಾಗಿಲ್ಲ. ನೋಡ್ರಿ, ನಾಳೆ ಹೋಗ್ತೀವಿ ಅಂತ ಒಂದು ಗುಂಪು ಬರದೈತಿ. ದಾರಿ ಹೆಂಗ ಅಂತ ಇವ ಕೇಳ್ಯಾನ, ಬಾಣ ಅದಾವ ಅಂತ ಇಕಿ ಹೇಳ್ಯಾಳ.”

“ಹೋಗಬ್ಯಾಡ್ರಿ ಅಂತ ಬರಿ.”

“ಬರದೆ. ಗೂಗಿ ನಿಮ್ಮೊಬ್ರದೇನು ಅಂತ ನನ್ನನ್ನ ಕೇಳ್ತಾರ.”

ಆಗ ಅತ್ತಳು. ತಲೆಗೆ ಪೆಟ್ಟು ಬಿದ್ದಾಗ ಅತ್ತಿರಲಿಲ್ಲ. ಆ ಮರಿಗಳೂ ಸತ್ತರೆ ಇನ್ನು ಕ್ಯಾಮೆರಾ ಹಿಡಿಯುವುದಿಲ್ಲ ಎಂದಳು. ನಾನು ಸಮಾಧಾನ ಮಾಡಲಿಲ್ಲ. ತಪ್ಪು ಅವಳದೇ. ಮಲಗು ಎಂದೆ.

ಮರುದಿನ ಬೆಳಿಗ್ಗೆ ಮನೆಗೆ ಬಳಿದು ಉಳಿದಿದ್ದ ಬಿಳಿ ಪೇಂಟಿನ ಡಬ್ಬಿ, ಒಂದು ಬ್ರಷ್ಷು ಚೀಲಕ್ಕೆ ಹಾಕಿಕೊಂಡು ಕುರುಗೋಡಿನ ಮೊದಲ ಬಸ್ಸು ಹಿಡಿದೆ. ಗುಡ್ಡ ಹತ್ತಿ ಮೊದಲು ದೂರದಿಂದ ಬಿರುಕು ನೋಡಿದೆ. ತಲೆಯಿಲ್ಲದ ಹೊಸ ಇಲಿಯೊಂದು ಬಾಯಲ್ಲೇ ಬಿದ್ದಿತ್ತು, ಒಂದು ಮರಿ ಅದರ ಮೇಲೆ ಕಾಲಿಟ್ಟು ಹರಿಯುತ್ತಿತ್ತು, ಇನ್ನೊಂದು ಅದನ್ನು ಕುಕ್ಕುತ್ತಿತ್ತು. ಗಂಡು ಬಂದು ಹೋಗಿತ್ತು.

ಆಮೇಲೆ ಕೆಳಗಿನಿಂದ ಶುರು ಮಾಡಿದೆ. ಹಳೆಯ ಬಾಣಗಳ ಮೂತಿಯನ್ನು ಕಲ್ಲಿನಿಂದ ಕೆರೆದು ತೆಗೆದು ಬಾಲದ ಕಡೆಗೆ ಹೊಸ ಮೂತಿ ಬರೆದೆ. ಬಾಣವಿಲ್ಲದ ಬಂಡೆಗಳಿಗೂ ಬರೆದೆ. ಒಂದು ಸಾಲು ಜಾಲಿಯ ಪೊದೆಗೆ ಹೋಯಿತು, ಒಂದು ಸಾಲು ಊರವರು ಬಹಿರ್ದೆಸೆಗೆ ಕೂರುವ ಕಡೆ ಹೋಯಿತು. ಕೋಟೆಗೋಡೆಯ ಹತ್ತಿರದ ಬಾಣ ಒಂದೇ ಉಳಿದಿತ್ತು. ಅದನ್ನು ಹೆಜ್ಜೇನಿನ ಬಂಡೆಗೆ ನೇರ ತಿರುಗಿಸಿದೆ. ಡಬ್ಬಿಯಲ್ಲಿ ಪೇಂಟು ಇನ್ನೂ ಇತ್ತು, ಹಾಗಾಗಿ ಅದನ್ನು ಉಳಿದವಕ್ಕಿಂತ ದಪ್ಪವಾಗಿ ಬರೆದೆ.