ಮುಖಕ್ಕೆ ಹೊಡಿ

ಮುಷ್ಟಿ ಬಿಗಿದರೆ ಯಾರಿಗಾದರೂ ನಾಲ್ಕು ಗೆಣ್ಣು ಕಾಣುತ್ತವೆ. ನಮ್ಮ ಸಾವ್ಕಾರರ ಬಲಗೈಯಲ್ಲಿ ಮೂರೇ. ನಡುಬೆರಳಿನ ಗೆಣ್ಣು ಒಳಕ್ಕೆ ಕುಸಿದು ಅಲ್ಲೊಂದು ಗುಳಿ ಬಿದ್ದಿತ್ತು. ಹತ್ತಿ ಮಿಲ್ಲಿನ ಗೇಟಿಗೆ ಗುದ್ದಿ ಹಾಗಾಯಿತು ಎಂದು ಕೆಲವರು ಹೇಳುತ್ತಿದ್ದರು, ಸ್ವಂತ ಷಡ್ಡಕನ ದವಡೆಗೆ ಗುದ್ದಿ ಎಂದು ಇನ್ನು ಕೆಲವರು. ಒಮ್ಮೆ ಧೈರ್ಯ ಮಾಡಿ ಅವರನ್ನೇ ಕೇಳಿದೆ. "ಎರಡೂ ಖರೇ ತಂಗಿ. ಮೊದಲು ದವಡಿ, ಆಮ್ಯಾಲೆ ಗೇಟು" ಎಂದು ಎಲೆಯಡಿಕೆ ತುಂಬಿದ ಬಾಯಿ ತೆರೆದು ನಕ್ಕರು.

ದಾವಣಗೆರೆಯಲ್ಲಿ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಅವರ ವಿಡಿಯೋ ಅಂಗಡಿ. ಕ್ಯಾಸೆಟ್ಟು, ಸೀಡಿ ಬಾಡಿಗೆಗೆ ಕೊಡುವುದು, ಮದುವೆಗಳಿಗೆ ವಿಡಿಯೋ ತೆಗೆಸಿಕೊಡುವುದು ಅವರ ವ್ಯವಹಾರ. ಮನೆತನದವರದೆಲ್ಲ ಜವಳಿ ವ್ಯಾಪಾರ. ಇವರೊಬ್ಬರು ಮಾತ್ರ ಚೌಕಾಸಿ ಮಾಡಿದ ಗಿರಾಕಿಯ ಬೆನ್ನಿಗೆ ಗಜಕಡ್ಡಿಯಿಂದ ಬಾರಿಸಿ, ಅಣ್ಣತಮ್ಮಂದಿರಿಂದ ಉಗಿಸಿಕೊಂಡು, ಬೇರೆ ಅಂಗಡಿ ಹಾಕಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆ ಕ್ಯಾಸೆಟ್ಟನ್ನು ಸೀಡಿ ಮಾಡಿಕೊಡುವ ಕಂಪ್ಯೂಟರ್ ತಂದಿಟ್ಟರು. ನನ್ನಣ್ಣ ಆ ಅಂಗಡಿಯ ಕ್ಯಾಮೆರಾಮ್ಯಾನ್. ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕಲಿತು ಮನೆಯಲ್ಲಿ ಕೂತಿದ್ದ ನನ್ನನ್ನು ಅವನೇ ಕರೆದುಕೊಂಡು ಹೋಗಿ ಅದರ ಮುಂದೆ ಕೂರಿಸಿದ.

ಅಬ್ಬಬ್ಬಾ, ಎಂಥ ಮನುಷ್ಯ! ಫ್ಯಾನು ತಿರುಗದಿದ್ದರೆ ಗೋಡೆಗೆ ಹೊಡೆಯುತ್ತಿದ್ದರು, ಫೋನು ಹತ್ತದಿದ್ದರೆ ಫೋನಿಗೆ. ಒಂದು ಸಲ ಟೇಪು ನುಂಗಿದ ವಿ.ಸಿ.ಆರನ್ನು ಎತ್ತಿ ನಡುರಸ್ತೆಗೆ ಒಗೆದರು. ಸೈಕಲ್ಲಿನಲ್ಲಿ ಬರುತ್ತಿದ್ದವನೊಬ್ಬ ಕೂದಲೆಳೆಯ ಅಂತರದಲ್ಲಿ ಪಾರಾದ. ಇನ್ನೊಬ್ಬ ಸೀಡಿಯ ತುಂಬ ಗೀರು ಹಾಕಿಕೊಂಡು ಬಂದು "ಮೊದ್ಲೇ ಹಿಂಗಿತ್ರಿ" ಎಂದ. ಸಾವ್ಕಾರರು ಕೌಂಟರಿನ ಮೇಲಿಂದಲೇ ಕೈ ಚಾಚಿ ಕಪಾಳಕ್ಕೆ ಬಿಟ್ಟರು. ಅವನ ಹಲ್ಲು ತುಟಿಗೆ ನಾಟಿ ರಕ್ತ ಸೀಡಿಯ ಮೇಲೆ ತೊಟ್ಟಿಕ್ಕಿತು. ಅದನ್ನು ಅವನ ಅಂಗಿಗೇ ಒರೆಸಿ "ಈಗ ಕ್ಲೀನ್ ಆತು ನೋಡು" ಎಂದರು. ಸಾವ್ಕಾರರು ಒಳ್ಳೆಯವರಾಗಿದ್ದರು ಎಂದು ನಾನು ಎಲ್ಲೂ ಹೇಳುವುದಿಲ್ಲ. ಹೇಳಿದರೆ ಆ ತುಟಿ ಒಡೆದವನಿಗೆ ಅನ್ಯಾಯವಾಗುತ್ತದೆ.

ಕಂಪ್ಯೂಟರಿನ ಜೊತೆ ಬಂದ ಒಂದು ಸೀಡಿಯಲ್ಲಿ ಸಿನಿಮಾ ನೋಡುವ ಪ್ಲೇಯರ್ ಒಂದು ಪುಕ್ಕಟೆ ಸಿಕ್ಕಿತ್ತು. ಓಡಿಸುವುದು, ನಿಲ್ಲಿಸುವುದು, ಇವೆರಡು ಬಿಟ್ಟರೆ ಅದರಲ್ಲಿ ಬೇರೇನಿದೆ ಎಂದು ನಾನು ನೋಡಿರಲೇ ಇಲ್ಲ. ಸಾವ್ಕಾರರಿಗೆ ಫೈಟಿಂಗ್ ಸಿನಿಮಾದ ಹುಚ್ಚು. ಒಂದು ಮಧ್ಯಾಹ್ನ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ನೋಡುತ್ತಿದ್ದರು. ಹೀರೋ ಬೀಸಿದ ಏಟಿಗೆ ವಿಲನ್ ಹಾರಿ ಬಿದ್ದ. "ಸುಳ್ಳು! ಕೈ ತಾಗೇ ಇಲ್ಲ!" ಎಂದು ಕೀಬೋರ್ಡಿಗೆ ಗುದ್ದಿದರು. ಚಿತ್ರ ಗಕ್ಕನೆ ನಿಂತಿತು. ಮತ್ತೆ ಗುದ್ದಿದರು. ವಿಲನ್ ಗಾಳಿಯಲ್ಲಿ ಒಂಚೂರು ಮುಂದಕ್ಕೆ ಜರುಗಿ ಮತ್ತೆ ನಿಂತ.

"ಏ ತಂಗಿ, ಏನಾತು ಇದಕ್ಕ?"

"ಒಂದೊಂದೇ ಚಿತ್ರ ಮುಂದಕ್ಕೆ ಹೋಗಾಕತ್ತೈತ್ರಿ ಸಾವ್ಕಾರ್ರೆ. ಅಂಥದ್ದೊಂದು ಕೀ ಐತೆ ಅಂತ ಕಾಣತೈತೆ."

"ಇನ್ನೇನೈತೆ ಇದ್ರಾಗ? ಎಲ್ಲಾ ಓದು."

ಮೆನುಗಳನ್ನು ಒಂದೊಂದಾಗಿ ಬಿಚ್ಚಿ ಓದಿದೆ. ಚಿತ್ರವನ್ನು ಅರ್ಧ ವೇಗಕ್ಕೆ, ಕಾಲು ವೇಗಕ್ಕೆ ಇಳಿಸಬಹುದಿತ್ತು. ಇಲ್ಲಿಂದ ಇಲ್ಲಿಯವರೆಗೆ ಎಂದು ಗುರುತು ಹಾಕಿದರೆ ಅಷ್ಟೇ ತುಂಡು ಮತ್ತೆ ಮತ್ತೆ ಓಡುತ್ತಿತ್ತು. ಬೇಕಾದ ಕಡೆ ನಿಲ್ಲಿಸಿ ಅದನ್ನೊಂದು ಫೋಟೋ ಮಾಡಿಟ್ಟುಕೊಳ್ಳಬಹುದಿತ್ತು. ಇನ್ನೊಂದು ಮೂಲೆಯಲ್ಲಿ ಎಡಗಡೆಯ ದನಿ ಮಾತ್ರ, ಬಲಗಡೆಯ ದನಿ ಮಾತ್ರ ಎಂದಿತ್ತು. ಕೆಲವು ಸೀಡಿಗಳಲ್ಲಿ ಎಡಕ್ಕೊಂದು ಭಾಷೆ, ಬಲಕ್ಕೊಂದು ಭಾಷೆ ತುಂಬಿರುತ್ತಿದ್ದರು. ಎರಡೂ ಕಲಸಿಕೊಂಡು ಏನೂ ತಿಳಿಯುವುದಿಲ್ಲ ಎಂದು ಬೈದು ವಾಪಸ್ ತರುತ್ತಿದ್ದ ಗಿರಾಕಿಗಳಿಗೆ ಸಾವ್ಕಾರರು ಅದುವರೆಗೆ ಕೈಯಲ್ಲೇ ಉತ್ತರ ಕೊಡುತ್ತಿದ್ದರು.

ಆಮೇಲೆ ಅದೇ ಅವರಿಗೆ ಚಟವಾಯಿತು. ಫೈಟಿಂಗ್ ಬಂದರೆ ಸಾಕು, ನಿಲ್ಲಿಸಿ ಒಂದೊಂದೇ ಚಿತ್ರ ಸರಿಸುತ್ತ ಏಟು ಎಲ್ಲಿ ತಾಗಿತು, ಎಲ್ಲಿ ತಾಗಲಿಲ್ಲ ಎಂದು ಹುಡುಕುತ್ತಿದ್ದರು. "ಖರೇ ಏಟಿನಾಗ ಮೊದಲು ಕಣ್ಣು ಮುಚ್ಚತಾನ, ಆಮ್ಯಾಲೆ ತಲಿ ತಿರುಗತೈತೆ. ಈ ಬಡ್ಡೀಮಗ ಮೊದ್ಲೇ ತಲಿ ತಿರುಗಿಸ್ಯಾನ" ಎನ್ನುತ್ತಿದ್ದರು. ಕೆಲಸವಿಲ್ಲದ ಕೆಲಸ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಅದಾದ ಸ್ವಲ್ಪ ದಿನಕ್ಕೆ ಹರಿಹರದ ಮದುವೆ. ಅಣ್ಣ ಕ್ಯಾಮೆರಾ ಹೊತ್ತು ಹೋಗಿದ್ದ, ಜೊತೆಗೆ ಲೈಟಿನವನು. ಅಕ್ಷತೆ ಬಿದ್ದು, ಮುಯ್ಯಿ ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದರು. ಭಾನುವಳ್ಳಿಯಿಂದ ಬಂದಿದ್ದ ಗಂಡಿನ ಚಿಕ್ಕಪ್ಪನ ಹೆಸರು ಬಿಟ್ಟುಹೋಯಿತು. ಆತ ಮೈಕು ಕಸಿದುಕೊಂಡರು. ಹೆಣ್ಣಿನ ಕಡೆಯವನೊಬ್ಬ ಅವರ ಎದೆಗೆ ಕೈ ಹಾಕಿ ನೂಕಿದ. ಅಲ್ಲಿಗೆ ಮುಗಿಯಿತು. ಮಂಟಪದ ತುಂಬ ಚಪ್ಪಲಿ, ಕೊಳಗ, ಸೌಟು ಹಾರಾಡಿದವು. ಜಗಳ ಮುಚ್ಚಲೆಂದು ಯಾರೋ ವಾಲಗದವರಿಗೆ ಜೋರಾಗಿ ಬಾರಿಸಲು ಹೇಳಿದರು. ಆ ಗದ್ದಲದಲ್ಲಿ ಒಬ್ಬ ಕಬ್ಬಿಣದ ಮಡಚುವ ಕುರ್ಚಿಯನ್ನೆತ್ತಿ ಚಿಕ್ಕಪ್ಪನ ಮುಖಕ್ಕೆ ಬೀಸಿದ. ಕಣ್ಣುಗುಡ್ಡೆ ಒಡೆಯಿತು, ಹಣೆಯ ಮೂಳೆ ಒಳಕ್ಕೆ ಹೋಯಿತು. ಮದುಮಗಳ ಸೀರೆಯ ಮೇಲೆಲ್ಲ ರಕ್ತ ಸಿಡಿಯಿತು.

ಹೊಡೆದವನು ಗುಂಪಿನಲ್ಲಿ ಕರಗಿಹೋದ. ಪೊಲೀಸರು ಬಂದಾಗ ಸಿಕ್ಕಿದ್ದು ವೇದಿಕೆಯ ಮೇಲೆ ನಿಂತಿದ್ದ ನನ್ನಣ್ಣ. ಗಂಡಿನ ಕಡೆಯವರೆಲ್ಲ ಒಂದೇ ಮಾತು ಹೇಳಿದರು. "ಈ ವಿಡಿಯೋದವ್ನೇ ರೀ, 'ಮುಖಕ್ಕೆ ಹೊಡಿ, ಮುಖಕ್ಕೆ ಹೊಡಿ' ಅಂತ ಕೂಗಿದ್ದು. ನಾವೇ ಕಿವಿಯಾರೆ ಕೇಳೀವಿ."

ಕೂಗಿದ್ದು ನಿಜವೇ. ವಿಡಿಯೋದವರ ಬಾಯಲ್ಲಿ ದಿನ ಬೆಳಗಾದರೆ ಅದೇ ಮಾತು: ಲೈಟ್ ಹೊಡಿ, ಮೇಲಕ್ಕೆ ಹೊಡಿ, ಮುಖಕ್ಕೆ ಹೊಡಿ. ಲೈಟಿನವನು ಹೇಗೋ ತಪ್ಪಿಸಿಕೊಂಡು ಬಂದು ಕ್ಯಾಸೆಟ್ಟನ್ನು ಅಂಗಡಿಗೆ ಮುಟ್ಟಿಸಿದ. ಸಾವ್ಕಾರರು ತಕ್ಷಣ ನನ್ನ ಕೈಯಿಂದ ಅದರದೊಂದು ನಕಲನ್ನು ಕಂಪ್ಯೂಟರಿಗೆ ಹತ್ತಿಸಿಡಿಸಿದರು. ಮರುದಿನ ಪೊಲೀಸರು ಕ್ಯಾಸೆಟ್ಟು ತೆಗೆದುಕೊಂಡು ಹೋಗಿ ಟೀವಿಯಲ್ಲಿ ಹಾಕಿ ನೋಡಿದರೆ, ವಾಲಗದ ಅಬ್ಬರದ ನಡುವೆ ಅಣ್ಣನ ದನಿಯಲ್ಲಿ ಕೇಳಿದ್ದು ಎರಡೇ ಪದ: ಮುಖಕ್ಕೆ ಹೊಡಿ. ನಾನು ಠಾಣೆಗೆ ಹೋಗಿ ಅತ್ತೂ ಕರೆದೂ ಹೇಳಿದೆ. ಎಸ್.ಐ. ಕೆಟ್ಟವರಲ್ಲ. "ನೀ ಹೇಳೋದು ಇರಬಹುದಮ್ಮ. ಆದ್ರೆ ಲೈಟು ಅನ್ನೋ ಮಾತೇ ಇದ್ರಾಗಿಲ್ಲಲ್ಲ. ಆ ಮನುಷ್ಯ ಸತ್ರೆ ಇದು ಕೊಲೆ ಕೇಸು, ನಿಮ್ಮಣ್ಣ ಹೊಡೀರಿ ಅಂತ ಹಚ್ಚಿಕೊಟ್ಟವ" ಎಂದರು. ಗಂಡಿನ ಚಿಕ್ಕಪ್ಪ ದಾವಣಗೆರೆಯ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಅಣ್ಣ ಹೊರಗೆ ಬಂದರೆ ಕೈ ಕಡಿಯುತ್ತೇವೆ ಎಂದು ಅವರ ಕಡೆಯವರು ಠಾಣೆಯ ಮುಂದೆಯೇ ಕೂಗಾಡುತ್ತಿದ್ದರು. ಅವ್ವ ಊಟ ಬಿಟ್ಟು ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತು ಕೂತಳು.

ನಾನು ಅಂಗಡಿಗೆ ಬಂದು ಕುಸಿದು ಕೂತೆ. "ಅಳಬ್ಯಾಡ. ಹಚ್ಚು ಅದನ್ನ" ಎಂದು ಸಾವ್ಕಾರರು ಗದರಿದರು.

ಅಣ್ಣ ಯಾವಾಗಲೂ ಮಂತ್ರ ಚೆನ್ನಾಗಿ ಕೇಳಲೆಂದು ಮಂಟಪದ ಮೈಕ್ ಸೆಟ್ಟಿನಿಂದ ಒಂದು ವೈರು ಎಳೆದು ಕ್ಯಾಮೆರಾದ ಬಲಗಡೆಯ ದನಿಗೆ ಸಿಕ್ಕಿಸುತ್ತಿದ್ದ. ಎಡಗಡೆಯದಕ್ಕೆ ಕ್ಯಾಮೆರಾದ್ದೇ ಮೈಕು. ಟೀವಿಯಲ್ಲಿ ಎರಡೂ ಕಲಸಿ ಬರುತ್ತಿದ್ದವು. ಸಾವ್ಕಾರರು ಆ ಜಾಗಕ್ಕೆ ಗುರುತು ಹಾಕಿಸಿ, ಮತ್ತೆ ಮತ್ತೆ ಓಡುವಂತೆ ಮಾಡಿಸಿದರು. "ಈಗ ಎಡಗಡೀದು ಮಾತ್ರ ಇಡು" ಎಂದರು. ಇಟ್ಟೆ. ವಾಲಗ ಎಲ್ಲೋ ಊರಾಚೆಗೆ ಹೋದಂತೆ ಸಣ್ಣದಾಯಿತು. ಅಣ್ಣನ ದನಿ ಪಕ್ಕದಲ್ಲೇ ನಿಂತು ಕೂಗಿದಷ್ಟು ಸ್ಪಷ್ಟವಾಗಿ ಬಂತು: "ಗ್ವಾಡಿಗೆ ಬ್ಯಾಡಲೇ! ಮುಖಕ್ಕೆ ಹೊಡಿ! ಲೈಟು ಮದುಮಗಳ ಮುಖಕ್ಕೆ ಹೊಡಿಯೋ!"

ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಸಾವ್ಕಾರರು ಅಷ್ಟಕ್ಕೇ ಬಿಡಲಿಲ್ಲ. ಆ ಮಾತು ಶುರುವಾಗುವ ಮುಂಚೆ ನಿಲ್ಲಿಸಿ, ಒಂದೊಂದೇ ಚಿತ್ರ ಹಿಂದುಮುಂದು ಮಾಡಿಸಿದರು. ಕುರ್ಚಿ ಆಗಲೇ ಗಾಳಿಯಲ್ಲಿತ್ತು. ಟೀವಿಯಲ್ಲಿ ಸರ್ರನೆ ಸರಿದುಹೋಗುತ್ತಿದ್ದ, ಅದನ್ನು ಹಿಡಿದವನ ಮುಖ ಈಗ ಎದ್ದು ಕಾಣುತ್ತಿತ್ತು. "ನೋಡು, ಕುರ್ಚಿ ಮೊದಲು, ಮಾತು ಆಮ್ಯಾಲೆ. ಫೋಟೋ ಮಾಡಿಡು ಇದನ್ನ" ಎಂದರು. ಮಾಡಿಟ್ಟೆ.

ಆಮೇಲೆ ಮಾಡಬಾರದ ಒಂದು ಕೆಲಸ ಮಾಡಿದರು. ಎದುರಿನ ಚಹಾದಂಗಡಿಗೆ ಹೋಗಿ, ಕುರ್ಚಿ ಬೀಸಿದವನ ಮುಖ ನಮ್ಮ ಕಂಪ್ಯೂಟರಿನಲ್ಲಿ ಸಿಕ್ಕಿದೆ ಎಂದು ಓಣಿಗೆಲ್ಲ ಕೇಳುವಂತೆ ಸಾರಿದರು. ಅವರ ಬಾಯಿಗೆ ಬೀಗವೇ ಇರಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಕುರ್ಚಿಯವನ ಕಡೆಯ ನಾಲ್ಕೈದು ಜನ ಬಂದರು. ಕೈಯಲ್ಲಿ ರಾಡು, ಸೈಕಲ್ ಚೈನು.

ಮೊದಲ ಏಟು ಮಾನಿಟರಿಗೆ ಬಿತ್ತು. ಗಾಜು ನನ್ನ ಕೆನ್ನೆಗೆ ಸಿಡಿಯಿತು. ಸಾವ್ಕಾರರು ಎದ್ದರು. ಇನ್ನು ಇವರ ಕಥೆ ಮುಗಿಯಿತು, ಹೆಣ ಬೀಳುತ್ತದೆ ಎಂದುಕೊಂಡೆ. ಅವರು ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬಿಯನ್ನು ವೈರುಗಳ ಸಮೇತ ಕಿತ್ತು, ಎರಡೂ ಕೈಯಲ್ಲಿ ಹೊಟ್ಟೆಗೆ ಅವಚಿಕೊಂಡು, ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ರಾಡು ಅವರ ಬೆನ್ನಿಗೆ, ಸೊಂಟಕ್ಕೆ, ಪಕ್ಕೆಗೆ ಬಿತ್ತು. ಚೈನು ಕುತ್ತಿಗೆ ಸೀಳಿತು. ಪಕ್ಕೆ ಮುರಿದ ಸದ್ದು ನನಗೇ ಕೇಳಿಸಿತು. ಸಾವ್ಕಾರರು ಬಾಯಿಗೆ ಬಂದಂತೆ ಅವರ ವಂಶವನ್ನೆಲ್ಲ ಬೈಯುತ್ತಿದ್ದರು, ಅಷ್ಟೇ. ನಾನು ಒಬ್ಬನ ಮುಂಗೈಗೆ ಬಾಯಿ ಹಾಕಿ ರಕ್ತ ಬರುವಂತೆ ಕಚ್ಚಿದೆ. ಅವನು ನನ್ನ ಕೂದಲು ಹಿಡಿದು ಕೌಂಟರಿಗೆ ಬಡಿದ. "ಹೊಡೀರಿ ಸಾವ್ಕಾರ್ರೆ! ಯಾಕ ಸುಮ್ನದೀರಿ?" ಎಂದು ಚೀರಿದೆ. ಅವರು ತಿರುಗಿಯೂ ನೋಡಲಿಲ್ಲ. ಓಣಿಯ ಶಟರುಗಳು ಒಂದೊಂದಾಗಿ ಕೆಳಗಿಳಿದವು.

ಬಂದವರು ದಣಿದು ಹೊರಟುಹೋದ ಮೇಲೆ ಆಟೋ ಕರೆದೆ. ಆಸ್ಪತ್ರೆಗೆ ಎಂದರೆ ಸಾವ್ಕಾರರು ಕೇಳಲಿಲ್ಲ. "ಮೊದಲು ಹರಿಹರ" ಎಂದರು. ದಾರಿಯಲ್ಲಿ ಬಾತಿ ಊರಿನ ಹತ್ತಿರ ಆಟೋ ನಿಲ್ಲಿಸಿ ರಕ್ತ ವಾಂತಿ ಮಾಡಿಕೊಂಡರು. ಆಗಲೂ ಡಬ್ಬಿ ತೊಡೆಯ ಮೇಲೆಯೇ ಇತ್ತು.

ಠಾಣೆಯವರು ಎಲ್ಲಿಂದಲೋ ಒಂದು ಮಾನಿಟರು, ಸ್ಪೀಕರು ತರಿಸಿದರು. ಎಡಗಡೆಯ ದನಿ ಹಾಕಿದೆ. ಎಸ್.ಐ. ಕಣ್ಣು ಮುಚ್ಚಿ ಕೇಳಿದರು. "ಇನ್ನೊಮ್ಮೆ ಹಾಕಮ್ಮ" ಎಂದರು. ಕುರ್ಚಿಯ ಚಿತ್ರವನ್ನು ಸರಿಸಿ ಸರಿಸಿ ನೋಡಿದರು. ಕೊನೆಗೆ ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಅವನ್ನ ಕರಕೊಂಡು ಬರ್ರಿ" ಎಂದು ಪೇದೆಗೆ ಹೇಳಿದರು.

ಅಣ್ಣ ಹೊರಗೆ ಬಂದ. ಸಾವ್ಕಾರರು ಗೋಡೆ ಹಿಡಿದು ಎದ್ದು ನಿಂತು, ಎಸ್.ಐ. ಎದುರಿಗೇ ಅವನ ಕಪಾಳಕ್ಕೆ ಪಟಾರನೆ ಒಂದು ಬಿಟ್ಟರು. "ಇನ್ ಮ್ಯಾಲೆ ಲೈಟ್ ಹಾಕು ಅನ್ನು!" ಎಂದರು. ಅಷ್ಟು ಹೇಳಿ ಅಲ್ಲೇ ಬಿದ್ದರು. ಅವರು ಯಾರ ಮೇಲಾದರೂ ಕೈ ಮಾಡಿದ್ದು ಅದೇ ಕೊನೆ.

ಗಂಡಿನ ಚಿಕ್ಕಪ್ಪ ಒಂದು ಕಣ್ಣು ಕಳೆದುಕೊಂಡು ಬದುಕಿದರು. ಕುರ್ಚಿಯವನಿಗೆ ಶಿಕ್ಷೆಯಾಯಿತು. ಅಣ್ಣನ ಹೆಸರು ಕೇಸಿನಲ್ಲಿ ಉಳಿಯಲಿಲ್ಲ. ಸಾವ್ಕಾರರ ಎರಡೂ ಮೂತ್ರಪಿಂಡ ಮಾತ್ರ ಏಟಿಗೆ ಕೆಟ್ಟುಹೋಗಿದ್ದವು. ಮೈಯೆಲ್ಲ ಬಾತುಕೊಂಡು, ನರ್ಸುಗಳನ್ನು ಬೈಯುತ್ತ, ಮುಂದಿನ ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಅಣ್ಣ ಚಟ್ಟಕ್ಕೆ ಹೆಗಲು ಕೊಟ್ಟ.

ಅವರನ್ನು ಹೊಡೆದವರ ಮೇಲೆ ನಾನು ಕೊಟ್ಟ ದೂರು ನಿಲ್ಲಲಿಲ್ಲ. ಎರಡೂ ಕಡೆಯವರು ಬಡಿದಾಡಿಕೊಂಡರು ಎಂದಾಯಿತು. ಓಣಿಯವರನ್ನು ಕೇಳಿದರೆ "ನಾನು ಶಟರ್ ಎಳಕೊಂಡಿದ್ದೆ" ಎಂದರು. "ಆ ಮನುಷ್ಯ ಸುಮ್ನೆ ಏಟು ತಿಂದ್ರಾ? ಯಾರ ಮುಂದೆ ಹೇಳ್ತೀಯವ್ವಾ?" ಎಂದು ನಕ್ಕವರೂ ಇದ್ದರು. ಅವರನ್ನು ಬೈಯುವಂತೆಯೂ ಇಲ್ಲ, ಓಣಿಗೆ ಓಣಿಯೇ ಸಾವ್ಕಾರರ ಕೈರುಚಿ ಉಂಡಿತ್ತು. ನಿಲ್ಲಿಸಿ ನಿಲ್ಲಿಸಿ ತೋರಿಸೋಣವೆಂದರೆ ಅವತ್ತು ಅಂಗಡಿಯಲ್ಲಿ ಕ್ಯಾಮೆರಾ ನಡೆಯುತ್ತಿರಲಿಲ್ಲ.

ನನಗೆ ಈಗಲೂ ಸಿಟ್ಟು ಬರುತ್ತದೆ. ಅದಕ್ಕೇ ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ಅವತ್ತು ಸಾವ್ಕಾರರ ಆ ಎರಡೂ ಕೈ ಡಬ್ಬಿಯೊಳಗಿನ ನನ್ನಣ್ಣನನ್ನು ಹಿಡಿದುಕೊಂಡಿದ್ದವು. ನಾನು ಅಲ್ಲಿದ್ದೆ, ನೋಡಿದೆ. ಅವರು ಹೊಡೆಯಲಿಲ್ಲ.